ಈ ಪೆಟ್ಟಿಗೆಗೆ ಗೊತ್ತಿರುವುದೆಷ್ಟು?

(ಡಿಪ್ಲೊಮಾ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ನೆಟ್‌ವರ್ಕಿಂಗ್‌ನ ತಳಹದಿಯ ಬಗ್ಗೆ ಮಾಡಿದ ಉಪನ್ಯಾಸದ ಬರಹ ರೂಪ. ಮೇಜಿನ ಮೇಲೆ ಮಾಡಿ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲಿ ವಿವರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಒಗಟು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಕಚೇರಿಯಿಂದ ನನಗೆ ಕರೆ ಬಂತು. ಲೆಕ್ಕಪತ್ರ ವಿಭಾಗಕ್ಕೆ ಹೊಸ ಕಂಪ್ಯೂಟರ್ ಬಂದಿತ್ತು. ಅದರಲ್ಲಿ ಇಂಟರ್‌ನೆಟ್ ಸಿಗುತ್ತಿತ್ತು. ಪಕ್ಕದ ಮೇಜಿನ ಪ್ರಿಂಟರ್ ಕೂಡ ಸಿಗುತ್ತಿತ್ತು. ಎದುರಿನ ಕಟ್ಟಡದಲ್ಲಿದ್ದ ಫೈಲ್ ಸರ್ವರ್ ಮಾತ್ರ ಸಿಗುತ್ತಿರಲಿಲ್ಲ. ಅದೇ ವಿಭಾಗದ ಉಳಿದ ಕಂಪ್ಯೂಟರ್‌ಗಳಿಗೆಲ್ಲ ಅದೇ ಸರ್ವರ್ ಸಲೀಸಾಗಿ ಸಿಗುತ್ತಿತ್ತು. ಸಾವಿರಾರು ಮೈಲಿ ಆಚೆಯ ಪುಟ ತೆರೆಯುತ್ತದೆ, ಕಿಟಕಿಯಿಂದ ಕಾಣುವ ಕಟ್ಟಡದ ಸರ್ವರ್ ತೆರೆಯುವುದಿಲ್ಲ. ಕೇಬಲ್ ಬದಲಿಸಿದರು, ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ಜೋಡಿಸುವ ಸ್ವಿಚ್‌ನಲ್ಲಿ ಕೇಬಲ್ ಸಿಕ್ಕಿಸುವ ಕಿಂಡಿಯನ್ನು, ಅಂದರೆ ಪೋರ್ಟನ್ನು, ಬದಲಿಸಿದರು, ಆಂಟಿವೈರಸ್ ತೆಗೆದರು, ಕೊನೆಗೆ ವಿಂಡೋಸ್ ಅನ್ನೇ ಹೊಸದಾಗಿ ಹಾಕಿದರು. ಎರಡು ದಿನ ಕಳೆದಿತ್ತು. ನಾನು ಹೋಗಿ ಅದನ್ನು ಸರಿಪಡಿಸಲು ಹಿಡಿದದ್ದು ಹತ್ತು ನಿಮಿಷ. ಉತ್ತರವನ್ನು ಈಗ ಹೇಳುವುದಿಲ್ಲ. ಇನ್ನು ಅರ್ಧ ಗಂಟೆಯಲ್ಲಿ ನೀವೇ ಹೇಳುತ್ತೀರಿ.

ಆ ಎರಡು ದಿನ ಕಷ್ಟಪಟ್ಟವರು ಓದದವರಲ್ಲ. ನೆಟ್‌ವರ್ಕ್‌ನ ಕೆಲಸವನ್ನು ಏಳು ಹಂತಗಳಾಗಿ ವಿವರಿಸುವ ಪಠ್ಯಪುಸ್ತಕದ ಏಳು ಪದರಗಳ ಮಾದರಿಯನ್ನು ಮೇಲಿನಿಂದ ಕೆಳಕ್ಕೂ ಕೆಳಗಿನಿಂದ ಮೇಲಕ್ಕೂ ಒಪ್ಪಿಸಬಲ್ಲವರು. ಆದರೆ ಒಂದು ಪ್ರಶ್ನೆಯನ್ನು ಅವರು ಕೇಳಿಕೊಂಡಿರಲಿಲ್ಲ: ಈ ಪೆಟ್ಟಿಗೆಗೆ ಗೊತ್ತಿರುವುದೆಷ್ಟು? ಕಂಪ್ಯೂಟರ್, ಸ್ವಿಚ್, ಒಂದು ನೆಟ್‌ವರ್ಕನ್ನು ಇನ್ನೊಂದಕ್ಕೆ ಜೋಡಿಸುವ ರೂಟರ್, ಇವುಗಳಲ್ಲಿ ಪ್ರತಿಯೊಂದೂ ಒಂದು ಪುಟ್ಟ ಪಟ್ಟಿಯನ್ನು ಇಟ್ಟುಕೊಂಡಿರುತ್ತದೆ. ಆ ಪಟ್ಟಿಯಲ್ಲಿ ಇರುವುದಷ್ಟೇ ಅದರ ತಿಳಿವಳಿಕೆ, ಅದರಾಚೆಗೆ ಅದಕ್ಕೆ ಪ್ರಪಂಚವಿಲ್ಲ. ಯಾವ ಪೆಟ್ಟಿಗೆಯ ಪಟ್ಟಿಯಲ್ಲಿ ಏನಿದೆ, ಅದು ಅಲ್ಲಿಗೆ ಹೇಗೆ ಬಂತು, ಯಾವಾಗ ಅಳಿಸಿಹೋಗುತ್ತದೆ, ಇಷ್ಟು ತಿಳಿದರೆ ನೆಟ್‌ವರ್ಕಿಂಗ್‌ನ ತಳಹದಿ ಕೈಗೆ ಸಿಕ್ಕಿತು ಎಂದೇ ನನ್ನ ನಂಬಿಕೆ.

ಮೇಜಿನ ಮೇಲೆ ನೋಡಿ. ಒಂದು ಸ್ವಿಚ್ ಇದೆ, ಮೂರು ಲ್ಯಾಪ್‌ಟಾಪ್‌ಗಳಿವೆ. ಗುರುತಿಗೆ ಸಿಗಲೆಂದು ಅವುಗಳ ಮೇಲೆ ತುಂಗಾ, ಭದ್ರಾ, ಕಾವೇರಿ ಎಂದು ಚೀಟಿ ಅಂಟಿಸಿದ್ದೇನೆ. ತುಂಗೆ ಒಂದನೆಯ ಪೋರ್ಟ್‌ನಲ್ಲಿದೆ, ಭದ್ರೆ ಎರಡನೆಯದರಲ್ಲಿ, ಕಾವೇರಿ ಮೂರನೆಯದರಲ್ಲಿ. ಬೇರೆ ಸದ್ದು ಸೇರದಿರಲೆಂದು ಉಳಿದ ಸೇವೆಗಳನ್ನು ಮೊದಲೇ ನಿಲ್ಲಿಸಿದ್ದೇನೆ. ಈಗ ಸ್ವಿಚ್‌ನ ಪಟ್ಟಿಯನ್ನು ಅಳಿಸಿ ಪರದೆಯ ಮೇಲೆ ತೋರಿಸುತ್ತೇನೆ. ಖಾಲಿ. ಮೂರು ಕೇಬಲ್‌ಗಳು ಸಿಕ್ಕಿಸಿವೆ, ಮೂರು ದೀಪಗಳು ಉರಿಯುತ್ತಿವೆ. ಆದರೂ ಆಚೆ ತುದಿಯಲ್ಲಿ ಯಾರಿದ್ದಾರೆ ಎಂಬುದು ಸ್ವಿಚ್‌ಗೆ ತಿಳಿಯದು.

ತುಂಗೆಯಿಂದ ಭದ್ರೆಗೆ ಪಿಂಗ್ ಮಾಡುತ್ತೇನೆ, ಅಂದರೆ "ಇದ್ದೀಯಾ?" ಎಂದು ಕೇಳುವ ಪುಟ್ಟ ಸಂದೇಶ ಕಳುಹಿಸುತ್ತೇನೆ. ತುಂಗೆಗೆ ಭದ್ರೆಯ ಐಪಿ ವಿಳಾಸ ಗೊತ್ತಿದೆ, ನಾನೇ ಟೈಪ್ ಮಾಡಿದ್ದೇನೆ. ಆದರೆ ತಂತಿಯ ಮೇಲೆ ಫ್ರೇಮ್, ಅಂದರೆ ಸಂದೇಶ ಹೊತ್ತ ಲಕೋಟೆ, ಹೋಗಬೇಕಾದರೆ ಭದ್ರೆಯ ಮ್ಯಾಕ್ ವಿಳಾಸ ಬೇಕು. ಅದು ನೆಟ್‌ವರ್ಕ್ ಕಾರ್ಡ್‌ನಲ್ಲೇ ಕೂತಿರುವ 48 ಬಿಟ್‌ಗಳ ಸಂಖ್ಯೆ. ಅದು ಗೊತ್ತಿಲ್ಲದ ತುಂಗೆ ಏನು ಮಾಡುತ್ತದೆ? ಕೂಗುತ್ತದೆ. "ಈ ಐಪಿ ವಿಳಾಸ ಯಾರದು? ನಿಮ್ಮ ಮ್ಯಾಕ್ ವಿಳಾಸ ಹೇಳಿ" ಎಂದು ಎಲ್ಲರಿಗೂ ಕೇಳುವಂತೆ ಕೂಗುತ್ತದೆ. ಇದೇ ಎಆರ್‌ಪಿ. 1982ರಲ್ಲಿ ಡೇವಿಡ್ ಪ್ಲಮ್ಮರ್ ಬರೆದಿಟ್ಟ ಈ ಸರಳ ಏರ್ಪಾಡು ಇಂದಿಗೂ ನಿಮ್ಮ ಮನೆಯ ವೈಫೈನಲ್ಲಿ ಕೆಲಸ ಮಾಡುತ್ತಿದೆ.

ಕೂಗು ಸ್ವಿಚ್‌ನ ಒಂದನೆಯ ಪೋರ್ಟ್‌ಗೆ ಬಂದು ತಲುಪಿತು. ಸ್ವಿಚ್ ಈಗ ಎರಡು ಕೆಲಸ ಮಾಡುತ್ತದೆ. ಮೊದಲು, ಕಳುಹಿಸಿದವರು ಯಾರು ಎಂದು ನೋಡಿ ತನ್ನ ಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ: ತುಂಗೆಯ ಮ್ಯಾಕ್ ವಿಳಾಸ, ಪೋರ್ಟ್ 1. ಆಮೇಲೆ, ಇದು ಎಲ್ಲರಿಗೂ ಹೋಗಬೇಕಾದ ಕೂಗು ಎಂದು ಅರಿತು, ಬಂದ ಪೋರ್ಟ್ ಒಂದನ್ನು ಬಿಟ್ಟು ಉಳಿದೆಲ್ಲ ಪೋರ್ಟ್‌ಗಳಿಗೆ ಅದರ ಪ್ರತಿಯನ್ನು ಹಂಚುತ್ತದೆ. ಭದ್ರೆಗೂ ಕೇಳಿಸಿತು, ಕಾವೇರಿಗೂ ಕೇಳಿಸಿತು. ಭದ್ರೆ ಮಾತ್ರ ಉತ್ತರಿಸಿತು. ಆ ಉತ್ತರ ಎರಡನೆಯ ಪೋರ್ಟ್‌ನಿಂದ ಒಳಬರುವಾಗ ಸ್ವಿಚ್ ಮತ್ತೊಂದು ಸಾಲು ಬರೆದುಕೊಂಡಿತು: ಭದ್ರೆಯ ಮ್ಯಾಕ್ ವಿಳಾಸ, ಪೋರ್ಟ್ 2. ಉತ್ತರ ಹೋಗಬೇಕಾದದ್ದು ತುಂಗೆಗೆ. ತುಂಗೆ ಎಲ್ಲಿದೆ ಎಂದು ಪಟ್ಟಿಯಲ್ಲಿ ಈಗಾಗಲೇ ಇದೆ. ಹಾಗಾಗಿ ಅದು ಒಂದನೆಯ ಪೋರ್ಟ್‌ಗೆ ಮಾತ್ರ ಹೋಯಿತು.

ಕಾವೇರಿಯ ಪರದೆಯನ್ನು ನೋಡಿ. ಅದರಲ್ಲಿ, ಬಂದುಹೋಗುವ ಸಂದೇಶಗಳನ್ನು ತೋರಿಸುವ ವೈರ್‌ಶಾರ್ಕ್ ಎಂಬ ತಂತ್ರಾಂಶ ತೆರೆದಿಟ್ಟಿದ್ದೆ. ಒಂದೇ ಒಂದು ಸಾಲು ಇದೆ: ತುಂಗೆಯ ಪ್ರಶ್ನೆ. ಭದ್ರೆಯ ಉತ್ತರ ಇಲ್ಲ, ಆಮೇಲೆ ನಡೆದ ನಾಲ್ಕು ಪಿಂಗ್‌ಗಳೂ ಇಲ್ಲ. ದಯವಿಟ್ಟು ಈ ಒಂದು ಸಾಲನ್ನು ನೆನಪಿನಲ್ಲಿಡಿ. ಸ್ವಿಚಿಂಗ್ ಎಂಬ ವಿಷಯ ಇಡಿಯಾಗಿ ಇದರಲ್ಲಿದೆ. ಸ್ವಿಚ್ ಕಲಿಯುವುದು ಕಳುಹಿಸಿದವರ ವಿಳಾಸದಿಂದ, ಸಾಗಿಸುವುದು ಸೇರಬೇಕಾದವರ ವಿಳಾಸವನ್ನು ನೋಡಿ. ಯಾರೂ ಅದಕ್ಕೆ ಏನನ್ನೂ ಹೇಳಿಕೊಡಲಿಲ್ಲ. ಹಾದುಹೋದವರನ್ನು ನೋಡಿ ನೋಡಿಯೇ ಅದು ಊರಿನ ಪರಿಚಯ ಮಾಡಿಕೊಂಡಿತು.

ಈಗ ಭದ್ರೆಯ ಕೇಬಲ್ ಕಿತ್ತು ಏಳನೆಯ ಪೋರ್ಟ್‌ಗೆ ಹಾಕುತ್ತೇನೆ. ಭದ್ರೆ ಒಂದು ಮಾತಾಡಿದ ಕೂಡಲೇ, ನೋಡಿ, ಪಟ್ಟಿಯಲ್ಲಿ ಪೋರ್ಟ್ 7 ಎಂದಾಯಿತು. ಯಾರಾದರೂ ಬಹಳ ಹೊತ್ತು ಸುಮ್ಮನಿದ್ದರೆ ಸ್ವಿಚ್ ಅವರನ್ನು ಮರೆತುಬಿಡುತ್ತದೆ. ಹೆಚ್ಚಿನ ಸ್ವಿಚ್‌ಗಳಲ್ಲಿ ಈ ಮರೆವಿನ ಅವಧಿ 300 ಸೆಕೆಂಡ್. ಮರೆವು ಇಲ್ಲಿ ದೋಷವಲ್ಲ. ಮರೆಯದಿದ್ದರೆ ಹೋದವರ ಹೆಸರುಗಳೇ ಪಟ್ಟಿಯನ್ನು ತುಂಬಿಬಿಡುತ್ತವೆ.

ಇದು ಎಷ್ಟು ದೊಡ್ಡ ಹೆಜ್ಜೆ ಎಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1973ರಲ್ಲಿ ಅಮೆರಿಕದ ಝೆರಾಕ್ಸ್ ಪಾರ್ಕ್ ಸಂಶೋಧನಾಲಯದಲ್ಲಿ ರಾಬರ್ಟ್ ಮೆಟ್‌ಕಾಫ್, ಕೇಬಲ್ಲಿನಿಂದ ಕಂಪ್ಯೂಟರ್‌ಗಳನ್ನು ಜೋಡಿಸುವ ಈಥರ್ನೆಟ್‌ನ ಕಲ್ಪನೆಯನ್ನು ಬರೆದಿಟ್ಟರು. ಡೇವಿಡ್ ಬಾಗ್ಸ್ ಜೊತೆಗೂಡಿ ಅದನ್ನು ಕಟ್ಟಿದರು. ಅದರ ವೇಗ ಸೆಕೆಂಡಿಗೆ 2.94 ಮೆಗಾಬಿಟ್. ಅದು ಎಲ್ಲ ಯಂತ್ರಗಳೂ ಹಂಚಿಕೊಂಡ ಒಂದೇ ಕೋಆಕ್ಸಿಯಲ್ ಕೇಬಲ್. ಒಬ್ಬರು ಮಾತಾಡುವಾಗ ಎಲ್ಲರೂ ಕೇಳಬೇಕು, ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಎರಡೂ ಮಾತು ಕೆಟ್ಟುಹೋಗಿ ಇಬ್ಬರೂ ಮತ್ತೆ ಪ್ರಯತ್ನಿಸಬೇಕು. ಆಮೇಲೆ ಬಂದ ಹಬ್ ಕೂಡ ಇದೇ ಬಗೆಯದು, ಕೇಬಲ್ಲನ್ನು ಒಂದು ಡಬ್ಬಿಯೊಳಗೆ ಸೇರಿಸಿದ್ದಷ್ಟೇ ವ್ಯತ್ಯಾಸ. 1990ರಲ್ಲಿ ಕಲ್ಪನಾ ಎಂಬ ಕಂಪನಿ ಏಳು ಪೋರ್ಟ್‌ಗಳ ಈಥರ್ನೆಟ್ ಸ್ವಿಚ್ ತಂದಿತು. ಆ ಕಂಪನಿಯನ್ನು ಕಟ್ಟಿದವರಲ್ಲಿ ಒಬ್ಬರು ಭಾರತ ಮೂಲದ ವಿನೋದ್ ಭಾರದ್ವಾಜ್. 1994ರಲ್ಲಿ ನೆಟ್‌ವರ್ಕ್ ಉಪಕರಣಗಳ ಕಂಪನಿ ಸಿಸ್ಕೊ ಅದನ್ನು ಕೊಂಡಿತು. ಇಂದು ಸ್ವಿಚ್ ಎಂಬ ಪದ ಕೇಳಿದಾಗಲೆಲ್ಲ ನನಗೆ ಆ ಹೆಸರು ನೆನಪಾಗುತ್ತದೆ.

ಈಗ ನಿಮ್ಮಲ್ಲಿ ಒಬ್ಬರಾದರೂ ಕೇಳಬೇಕಾದ ಪ್ರಶ್ನೆ ಇದೆ. ಸ್ವಿಚ್ ಇಷ್ಟು ಜಾಣನಾಗಿದ್ದರೆ ಇಡೀ ಪ್ರಪಂಚವನ್ನು ಸ್ವಿಚ್‌ಗಳಿಂದಲೇ ಜೋಡಿಸಬಹುದಿತ್ತಲ್ಲ, ರೂಟರ್ ಯಾಕೆ ಬೇಕಿತ್ತು?

ಮ್ಯಾಕ್ ವಿಳಾಸದ ಸ್ವಭಾವದಲ್ಲೇ ಉತ್ತರವಿದೆ. ಅದರ ಮೊದಲ 24 ಬಿಟ್‌ಗಳು ಕಾರ್ಡನ್ನು ತಯಾರಿಸಿದ ಕಂಪನಿಯನ್ನು ಸೂಚಿಸುತ್ತವೆ, ಉಳಿದ 24 ಬಿಟ್‌ಗಳು ಆ ಕಂಪನಿ ಕೊಟ್ಟ ಸಂಖ್ಯೆ. ಕಾರ್ಡ್ ಎಲ್ಲಿ ಹುಟ್ಟಿತು ಎಂದು ಅದು ಹೇಳುತ್ತದೆಯೇ ಹೊರತು ಈಗ ಎಲ್ಲಿದೆ ಎಂದು ಹೇಳುವುದಿಲ್ಲ. ಅದು ಮನುಷ್ಯರ ಹೆಸರಿನ ಹಾಗೆ. ಒಂದು ಬೀದಿಯಲ್ಲಿ "ಮಂಜುನಾಥ" ಎಂದು ಕೂಗಿದರೆ ಒಬ್ಬರು ತಿರುಗಿ ನೋಡುತ್ತಾರೆ. ರಾಜ್ಯಕ್ಕೆಲ್ಲ ಕೇಳುವಂತೆ ಕೂಗಿ ಒಬ್ಬ ಮಂಜುನಾಥನನ್ನು ಹುಡುಕಲು ಆಗುವುದಿಲ್ಲ. ಅದಕ್ಕೆ ಜಿಲ್ಲೆ, ತಾಲ್ಲೂಕು, ಊರು, ಕೇರಿ ಬೇಕು. ಐಪಿ ವಿಳಾಸ ಆ ಊರು-ಕೇರಿ. ಅದರ ಮುಂಭಾಗ ನೆಟ್‌ವರ್ಕ್ ಯಾವುದು ಎನ್ನುತ್ತದೆ, ಹಿಂಭಾಗ ಆ ನೆಟ್‌ವರ್ಕ್‌ನಲ್ಲಿ ಯಾರು ಎನ್ನುತ್ತದೆ. ಮುಂಭಾಗ ಎಲ್ಲಿಗೆ ಮುಗಿಯಿತು, ಹಿಂಭಾಗ ಎಲ್ಲಿಂದ ಶುರುವಾಯಿತು ಎಂದು ಗೆರೆ ಎಳೆಯುವುದೇ ಸಬ್‌ನೆಟ್ ಮಾಸ್ಕ್.

ಈ ಗೆರೆಯನ್ನು ಎಲ್ಲರಿಗಿಂತ ಮೊದಲು ಬಳಸುವುದು ರೂಟರ್ ಅಲ್ಲ, ನಿಮ್ಮ ಕಂಪ್ಯೂಟರ್. ಇದನ್ನು ಬಹಳ ಮಂದಿ ಗಮನಿಸುವುದಿಲ್ಲ. ಒಂದು ಪ್ಯಾಕೆಟ್, ಅಂದರೆ ಐಪಿ ವಿಳಾಸ ಹೊತ್ತ ಮಾಹಿತಿಯ ತುಂಡು, ಕಳುಹಿಸುವ ಮುನ್ನ ಕಂಪ್ಯೂಟರ್ ತನ್ನನ್ನು ತಾನು ಒಂದು ಪ್ರಶ್ನೆ ಕೇಳಿಕೊಳ್ಳುತ್ತದೆ: ಸೇರಬೇಕಾದವರು ನನ್ನ ಬೀದಿಯವರೇ, ಹೊರಗಿನವರೇ? ಮಾಸ್ಕ್ ಇಟ್ಟು ನೋಡಿ ತೀರ್ಮಾನಿಸುತ್ತದೆ. ನನ್ನ ಬೀದಿಯವರಾದರೆ ನೇರವಾಗಿ ಅವರ ಹೆಸರನ್ನೇ ಕೂಗುತ್ತದೆ. ಹೊರಗಿನವರಾದರೆ ಅವರನ್ನು ಕೂಗುವುದೇ ಇಲ್ಲ. ಬೀದಿಯ ಬಾಗಿಲಿನಲ್ಲಿರುವ ಗೇಟ್‌ವೇ ರೂಟರ್‌ನ ಮ್ಯಾಕ್ ವಿಳಾಸ ಕೇಳಿ, ಪ್ಯಾಕೆಟ್ಟನ್ನು ಅದರ ಕೈಗೆ ಕೊಡುತ್ತದೆ.

ಈಗ ಒಗಟಿಗೆ ಬನ್ನಿ. ಲೆಕ್ಕಪತ್ರ ವಿಭಾಗದ ಕಂಪ್ಯೂಟರ್‌ನ ವಿಳಾಸ 192.168.10.20. ಸರ್ವರ್‌ನ ವಿಳಾಸ 192.168.20.5. ನಾನು ಮೊದಲು ತೆರೆದು ನೋಡಿದ್ದು ಆ ಕಂಪ್ಯೂಟರ್‌ನ ಎಆರ್‌ಪಿ ಪಟ್ಟಿಯನ್ನು. ಅದರಲ್ಲಿ ಸರ್ವರ್‌ನ ಐಪಿ ವಿಳಾಸ ಇತ್ತು, ಎದುರಿಗೆ ಮ್ಯಾಕ್ ವಿಳಾಸ ಇರಲಿಲ್ಲ. ಕೂಗಿದೆ, ಯಾರೂ ಓಗೊಡಲಿಲ್ಲ ಎಂದು ಅದರ ಅರ್ಥ. ನಾನು ಅಲ್ಲೇ ನಿಂತೆ. ಉತ್ತರ ಯಾಕೆ ಬರಲಿಲ್ಲ ಎನ್ನುವುದು ಪ್ರಶ್ನೆಯಲ್ಲ. ಸರ್ವರ್‌ನ ಹೆಸರನ್ನು ಇದು ಕೂಗಿದ್ದಾದರೂ ಯಾಕೆ? ಸರ್ವರ್ ಬೇರೆ ಬೀದಿಯಲ್ಲಿದೆ. ಅದನ್ನು ಕೂಗಬಾರದಿತ್ತು, ಗೇಟ್‌ವೇಗೆ ಕೊಡಬೇಕಿತ್ತು.

(ಇಲ್ಲಿ ಹಿಂದಿನ ಸಾಲಿನಿಂದ ಒಬ್ಬರು "ಮಾಸ್ಕ್ ತಪ್ಪಿದೆ ಸರ್" ಎಂದರು.)

ಸರಿಯಾಗಿ ಹೇಳಿದಿರಿ. ಎಲ್ಲರ ಮಾಸ್ಕ್ 255.255.255.0 ಇತ್ತು, ಅಂದರೆ ವಿಳಾಸದ ಮೊದಲ ಮೂರು ಸಂಖ್ಯೆಗಳು ಬೀದಿ. ಈ ಹೊಸ ಕಂಪ್ಯೂಟರ್‌ಗೆ ಯಾರೋ ಕೈಯಾರೆ ವಿಳಾಸ ಹಾಕುವಾಗ 255.255.0.0 ಎಂದು ಹಾಕಿದ್ದರು. ಹಾಗಾಗಿ 192.168 ಎಂದು ಶುರುವಾಗುವ ವಿಳಾಸವೆಲ್ಲ ನನ್ನ ಬೀದಿಯದೇ ಎಂದು ಅದು ನಂಬಿಕೊಂಡಿತ್ತು. ಪ್ರಿಂಟರ್ ನಿಜವಾಗಿಯೂ ಅದೇ ಬೀದಿಯಲ್ಲಿತ್ತು, ಆದ್ದರಿಂದ ಸಿಕ್ಕಿತು. ಇಂಟರ್‌ನೆಟ್‌ನ ವಿಳಾಸಗಳು 192.168ರಿಂದ ಶುರುವಾಗುವುದಿಲ್ಲ, ಹಾಗಾಗಿ ಅವು ಹೊರಗಿನವು ಎಂದು ತಿಳಿದು ಗೇಟ್‌ವೇಗೆ ಕೊಟ್ಟಿತು, ಅದೂ ಸಿಕ್ಕಿತು. ಸರ್ವರ್ ಮಾತ್ರ, ಒಳಗೂ ಅಲ್ಲದೆ ಹೊರಗೂ ಎನಿಸದೆ, ಆ ತಪ್ಪು ಗೆರೆಯೊಳಗೆ ಸಿಕ್ಕಿಕೊಂಡಿತ್ತು. ಒಂದು ಸಂಖ್ಯೆ ತಿದ್ದಿದೆ, ಕೆಲಸ ಮುಗಿಯಿತು. ಬದಲಿಸಿದ ಕೇಬಲ್ಲು, ಮತ್ತೆ ಹಾಕಿದ ವಿಂಡೋಸ್, ಯಾವುದಕ್ಕೂ ಈ ದೋಷದೊಂದಿಗೆ ಸಂಬಂಧವೇ ಇರಲಿಲ್ಲ. ಹೊಸ ವಿಂಡೋಸ್‌ಗೂ ಅದೇ ತಪ್ಪು ಮಾಸ್ಕನ್ನು ಚೀಟಿ ನೋಡಿ ತುಂಬಿದ್ದರು.

ಇನ್ನು ರೂಟರ್. ಪ್ಯಾಕೆಟ್ ಅದರ ಕೈಗೆ ಬಂತು ಎಂದುಕೊಳ್ಳಿ. ನೀವು ಶಿರಸಿಯಿಂದ ಕೊಳ್ಳೇಗಾಲಕ್ಕೆ ಹೊರಟಿದ್ದೀರಿ. ಶಿರಸಿಯಿಂದ ಶಿವಮೊಗ್ಗಕ್ಕೆ ಒಂದು ಬಸ್, ಶಿವಮೊಗ್ಗದಿಂದ ಮೈಸೂರಿಗೆ ಇನ್ನೊಂದು, ಅಲ್ಲಿಂದ ಕೊಳ್ಳೇಗಾಲಕ್ಕೆ ಮತ್ತೊಂದು. ಪ್ರತಿ ಬಸ್ಸಿನಲ್ಲೂ ಹೊಸ ಟಿಕೆಟ್. ಎಲ್ಲಿ ಹತ್ತಿದಿರಿ, ಎಲ್ಲಿ ಇಳಿಯುತ್ತೀರಿ ಎಂಬುದು ಟಿಕೆಟ್ಟಿನಿಂದ ಟಿಕೆಟ್ಟಿಗೆ ಬದಲಾಗುತ್ತದೆ. ಆದರೆ ಹೊರಟ ಊರು ಶಿರಸಿಯೇ, ಸೇರುವ ಊರು ಕೊಳ್ಳೇಗಾಲವೇ. ಪ್ಯಾಕೆಟ್‌ನ ಐಪಿ ವಿಳಾಸಗಳು ಆ ಎರಡು ಊರುಗಳು. ಮ್ಯಾಕ್ ವಿಳಾಸಗಳು ಬಸ್ ಟಿಕೆಟ್‌ಗಳು. ಪ್ರತಿ ರೂಟರ್ ಹಳೆಯ ಫ್ರೇಮನ್ನು ಹರಿದು ಹಾಕಿ ಪ್ಯಾಕೆಟ್ಟನ್ನು ಹೊಸ ಫ್ರೇಮಿನಲ್ಲಿ ಕೂರಿಸುತ್ತದೆ. ಈ ಮಾತಿಗೆ ಒಂದು ತಿದ್ದುಪಡಿ ಇದೆ: ನಿಮ್ಮ ಮನೆಯ ರೂಟರ್ ಹೊರಟವರ ಐಪಿ ವಿಳಾಸವನ್ನೂ ಬದಲಿಸುತ್ತದೆ. 32 ಬಿಟ್‌ಗಳ ಐಪಿ ವಿಳಾಸಗಳು ಒಟ್ಟು ಸುಮಾರು 430 ಕೋಟಿ. ಅವು ಸಾಲದಾದಾಗ ಮನೆಮನೆಯಲ್ಲೂ 192.168ರಂಥ ಖಾಸಗಿ ವಿಳಾಸಗಳನ್ನು ಬಳಸಿ, ಹೊರಬಾಗಿಲಿನಲ್ಲಿ ಒಂದೇ ಸಾರ್ವಜನಿಕ ವಿಳಾಸಕ್ಕೆ ಬದಲಿಸುವ ಏರ್ಪಾಡು ಬಂತು. ಅದಕ್ಕೆ ನ್ಯಾಟ್ ಎನ್ನುತ್ತಾರೆ. ಅದೇ ಒಂದು ಗಂಟೆಯ ವಿಷಯ, ಇಂದು ಬೇಡ.

ರೂಟರ್‌ನ ಪಟ್ಟಿಯಲ್ಲಿ ಏನಿರುತ್ತದೆ? ಸಾಲಿಗೊಂದು ನೆಟ್‌ವರ್ಕ್, ಅದರ ಎದುರು ಮುಂದಿನ ರೂಟರ್‌ನ ವಿಳಾಸ. ಇಡೀ ದಾರಿ ಅಲ್ಲ, ಮುಂದಿನ ಹೆಜ್ಜೆ ಮಾತ್ರ. ಮೊದಲೆಲ್ಲ ಕಾಲ್ನಡಿಗೆಯಲ್ಲಿ ಜಾತ್ರೆಗೆ ಹೊರಟವರು ದಾರಿ ಕೇಳುತ್ತಿದ್ದುದು ಹೀಗೆಯೇ. "ಆ ಆಲದ ಮರದ ಹತ್ತಿರ ಎಡಕ್ಕೆ ತಿರುಗಿ, ಮುಂದಿನ ಊರಿನಲ್ಲಿ ಮತ್ತೆ ಕೇಳಿ." ಹೇಳುವವನಿಗೆ ಜಾತ್ರೆಯವರೆಗಿನ ದಾರಿಯೆಲ್ಲ ಗೊತ್ತಿರಬೇಕಾಗಿಲ್ಲ. ಪ್ರತಿ ಊರಿನವನೂ ತನ್ನ ಮುಂದಿನ ಊರನ್ನು ಸರಿಯಾಗಿ ತೋರಿಸಿದರೆ ಸಾಕು.

ಪಟ್ಟಿಗೆ ಈ ಸಾಲುಗಳು ಬರುವುದು ಮೂರು ದಾರಿಯಲ್ಲಿ. ತನಗೆ ನೇರವಾಗಿ ತಾಗಿಕೊಂಡ ನೆಟ್‌ವರ್ಕ್‌ಗಳು ರೂಟರ್‌ಗೆ ತಾನಾಗಿಯೇ ಗೊತ್ತು. ಕೆಲವನ್ನು ನಾವು ಕೈಯಾರೆ ಬರೆಯುತ್ತೇವೆ. ಉಳಿದವನ್ನು ರೂಟರ್‌ಗಳು ಪರಸ್ಪರ ಮಾತಾಡಿ ತಿಳಿದುಕೊಳ್ಳುತ್ತವೆ. ಆ ಮಾತುಕತೆಯಲ್ಲಿ ಎರಡು ಬಗೆ ಇದೆ. ಆರ್‌ಐಪಿ ಎಂಬ ಹಳೆಯ ಪ್ರೋಟೊಕಾಲ್‌ನಲ್ಲಿ, ಅಂದರೆ ಮಾತುಕತೆಯ ಕಟ್ಟಳೆಯಲ್ಲಿ, ನೆರೆಯವರು ಹೇಳಿದ್ದನ್ನೇ ನಂಬುವುದು: ಪ್ರತಿ 30 ಸೆಕೆಂಡಿಗೊಮ್ಮೆ "ನನ್ನಿಂದ ಆ ನೆಟ್‌ವರ್ಕ್ ಮೂರು ಹೆಜ್ಜೆ" ಎಂದು ನೆರೆಯವನು ಹೇಳುತ್ತಾನೆ, ಹಾಗಾದರೆ ನನ್ನಿಂದ ನಾಲ್ಕು. 15 ಹೆಜ್ಜೆ ಮೀರಿದರೆ ಆ ಊರು ಇಲ್ಲವೇ ಇಲ್ಲ ಎಂದು ಲೆಕ್ಕ. ಒಎಸ್‌ಪಿಎಫ್ ಎಂಬ ಇನ್ನೊಂದು ಪ್ರೋಟೊಕಾಲ್‌ನಲ್ಲಿ ಹಾಗಲ್ಲ. ಪ್ರತಿ ರೂಟರ್ ತನ್ನ ಅಕ್ಕಪಕ್ಕದ ಕೊಂಡಿಗಳ ವಿವರವನ್ನು ಎಲ್ಲರಿಗೂ ಹಂಚುತ್ತದೆ, ಎಲ್ಲರೂ ಸೇರಿಸಿ ಒಂದೇ ನಕ್ಷೆ ಮಾಡಿಕೊಳ್ಳುತ್ತಾರೆ, ಆ ನಕ್ಷೆಯ ಮೇಲೆ ತಮ್ಮ ತಮ್ಮ ಹತ್ತಿರದ ದಾರಿಯನ್ನು ತಾವೇ ಲೆಕ್ಕ ಹಾಕುತ್ತಾರೆ. ಆ ಲೆಕ್ಕದ ವಿಧಾನವನ್ನು 1956ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಒಂದು ಕೆಫೆಯಲ್ಲಿ ಕೂತು, ಕಾಗದ ಪೆನ್ನು ಇಲ್ಲದೆ, ಸುಮಾರು ಇಪ್ಪತ್ತು ನಿಮಿಷದಲ್ಲಿ ಯೋಚಿಸಿದವರು ಎಡ್ಸ್‌ಗರ್ ಡೈಕ್‌ಸ್ಟ್ರಾ. ಅದು ಪ್ರಕಟವಾದದ್ದು 1959ರಲ್ಲಿ, ಇಂಟರ್‌ನೆಟ್‌ನ ಪೂರ್ವಜ ಅರ್ಪಾನೆಟ್‌ನ ಮೊದಲ ಸಂದೇಶಕ್ಕೆ ಹತ್ತು ವರ್ಷ ಮೊದಲು. ಒಎಸ್‌ಪಿಎಫ್ ರೂಟರ್‌ಗೆ ಪೂರ್ತಿ ನಕ್ಷೆ ಗೊತ್ತಿದ್ದರೂ ಪ್ಯಾಕೆಟ್ ಸಾಗಿಸುವ ಗಳಿಗೆಯಲ್ಲಿ ಅದು ನೋಡುವುದು ಮುಂದಿನ ಹೆಜ್ಜೆಯನ್ನಷ್ಟೇ.

ಒಂದೇ ವಿಳಾಸಕ್ಕೆ ಪಟ್ಟಿಯಲ್ಲಿ ಎರಡು ಸಾಲು ಹೊಂದಿಕೆಯಾದರೆ? ಹೆಚ್ಚು ನಿಖರವಾದ ಸಾಲು ಗೆಲ್ಲುತ್ತದೆ. ಒಂದು ಫಲಕದಲ್ಲಿ "ಮಂಡ್ಯ ಜಿಲ್ಲೆಗೆ ಬಲಕ್ಕೆ" ಎಂದಿದೆ, ಇನ್ನೊಂದರಲ್ಲಿ "ಮೇಲುಕೋಟೆಗೆ ಎಡಕ್ಕೆ" ಎಂದಿದೆ. ಮೇಲುಕೋಟೆಗೆ ಹೊರಟವರು ಎಡಕ್ಕೆ ಹೋಗುತ್ತಾರೆ. ಈ ಪುಟ್ಟ ನಿಯಮವನ್ನು ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಕೇಳುತ್ತಾರೆ. ಆದರೆ ಅದು ಒಮ್ಮೆ ಪ್ರಪಂಚದ ಬಹುಪಾಲು ಕಡೆ ಯೂಟ್ಯೂಬನ್ನು ನಿಲ್ಲಿಸಿತ್ತು.

2008ರ ಫೆಬ್ರುವರಿ 24. ಪಾಕಿಸ್ತಾನದಲ್ಲಿ ಯೂಟ್ಯೂಬನ್ನು ತಡೆಯಬೇಕೆಂದು ಸರ್ಕಾರದ ಆದೇಶವಾಗಿತ್ತು. ಯೂಟ್ಯೂಬ್ ತನ್ನ ವಿಳಾಸಗಳನ್ನು 208.65.152.0/22 ಎಂದು, ಅಂದರೆ 1024 ವಿಳಾಸಗಳ ಒಂದು ಗುಂಪಾಗಿ, ಪ್ರಪಂಚಕ್ಕೆ ಸಾರುತ್ತಿತ್ತು. ಪಾಕಿಸ್ತಾನ್ ಟೆಲಿಕಾಂ ಅದರೊಳಗಿನ 208.65.153.0/24 ಎಂಬ 256 ವಿಳಾಸಗಳ ಗುಂಪಿಗೆ ತಾನೇ ದಾರಿ ಎಂದು ಸಾರಿತು. ಅದು ದೇಶದೊಳಗೆ ಉಳಿಯಬೇಕಾಗಿದ್ದ ಸಾರಣೆ. ಅದು ಹಾಂಗ್‌ಕಾಂಗ್‌ನ ಪಿಸಿಸಿಡಬ್ಲ್ಯು ಮೂಲಕ ಹೊರಗೆ ಹರಿಯಿತು. ಆ ಕಂಪನಿ ಅದನ್ನು ಪರೀಕ್ಷಿಸದೆ ಮುಂದಕ್ಕೆ ದಾಟಿಸಿತು. ಕಂಪನಿಯಿಂದ ಕಂಪನಿಗೆ ದಾರಿ ತಿಳಿಸುವ ಬಿಜಿಪಿ ಎಂಬ ಪ್ರೋಟೊಕಾಲ್ ನೆರೆಯವರ ಮಾತನ್ನು ನಂಬುವಂಥದ್ದು. ಪ್ರಪಂಚದ ರೂಟರ್‌ಗಳ ಪಟ್ಟಿಯಲ್ಲಿ ಈಗ ಎರಡು ಸಾಲುಗಳು: ಒಂದು ದೊಡ್ಡ ಗುಂಪಿನದು, ಒಂದು ಚಿಕ್ಕ ಗುಂಪಿನದು. ಎಲ್ಲ ರೂಟರ್‌ಗಳೂ ತಮಗೆ ಕಲಿಸಿದ ನಿಯಮದಂತೆ ನಿಖರವಾದದ್ದನ್ನು ಆರಿಸಿಕೊಂಡವು. ಯೂಟ್ಯೂಬ್‌ಗೆ ಹೋಗಬೇಕಾದ ಪ್ಯಾಕೆಟ್‌ಗಳು ಪಾಕಿಸ್ತಾನಕ್ಕೆ ಹೋಗಿ ಅಲ್ಲಿ ಬಿದ್ದುಹೋದವು.

ಯೂಟ್ಯೂಬ್‌ನ ಎಂಜಿನಿಯರ್‌ಗಳು ಏನು ಮಾಡಿದರು ಗೊತ್ತೇ? ಅದೇ ನಿಯಮವನ್ನು ಹಿಡಿದರು. ಮೊದಲು ತಾವೂ ಅದೇ 256ರ ಗುಂಪನ್ನು ಸಾರಿದರು. ಆಗ ಸಮಬಲವಾಯಿತು, ಅರ್ಧ ಪ್ರಪಂಚ ಇತ್ತ, ಅರ್ಧ ಅತ್ತ. ಆಮೇಲೆ ಅದನ್ನೂ ಒಡೆದು 128 ವಿಳಾಸಗಳ ಎರಡು ಗುಂಪುಗಳನ್ನು ಸಾರಿದರು. ಈಗ ಎಲ್ಲಕ್ಕಿಂತ ನಿಖರ ಅವರದೇ. ತಪ್ಪು ಸಾರಣೆ ಹೊರಗೆ ಹರಿಯುವುದು ಪೂರ್ತಿ ನಿಂತಾಗ ಎರಡು ಗಂಟೆಗೂ ಹೆಚ್ಚು ಕಳೆದಿತ್ತು. ಈ ಘಟನೆಯನ್ನು ನಾನು ಪ್ರತಿ ತರಗತಿಯಲ್ಲೂ ಹೇಳುತ್ತೇನೆ. ಅಲ್ಲಿ ಒಂದು ರೂಟರೂ ಕೆಟ್ಟಿರಲಿಲ್ಲ.

ಇನ್ನೊಂದು ಅನಾಹುತವನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಒಂದು ಕಾಲೇಜಿನ ಪ್ರಯೋಗಾಲಯ. ಸಂಜೆ ಕಸ ಗುಡಿಸಿ ಜೋಡಿಸುವಾಗ ಒಂದು ಕೇಬಲ್ಲಿನ ಎರಡು ತುದಿಗಳೂ ಜೋತು ಬಿದ್ದಿದ್ದವು. ಅಚ್ಚುಕಟ್ಟಾಗಿರಲಿ ಎಂದು ಯಾರೋ ಎರಡನ್ನೂ ಒಂದೇ ಸ್ವಿಚ್‌ಗೆ ಸಿಕ್ಕಿಸಿ ಹೋದರು. ಬೆಳಿಗ್ಗೆ ಇಡೀ ಕಟ್ಟಡದ ನೆಟ್‌ವರ್ಕ್ ನಿಂತಿತ್ತು. ನಾನು ಬಾಗಿಲು ತೆರೆದಾಗ ಕಂಡದ್ದು ಇಷ್ಟು: ರ್‍ಯಾಕ್‌ನಲ್ಲಿದ್ದ ಎಲ್ಲ ಸ್ವಿಚ್‌ಗಳ ಎಲ್ಲ ದೀಪಗಳೂ ಒಂದೇ ಲಯದಲ್ಲಿ, ಬಿಡುವಿಲ್ಲದೆ ಮಿನುಗುತ್ತಿದ್ದವು. ಸಾಮಾನ್ಯ ದಿನದಲ್ಲಿ ದೀಪಗಳು ಒಂದೊಂದು ಒಂದೊಂದು ತರಹ ಮಿನುಗುತ್ತವೆ, ಜನ ಮಾತಾಡುವ ಹಾಗೆ. ಎಲ್ಲವೂ ಒಟ್ಟಿಗೆ ಮಿನುಗಿದರೆ ಎಲ್ಲ ಪೋರ್ಟ್‌ಗಳಿಗೂ ಒಂದೇ ಮಾತು ಹೋಗುತ್ತಿದೆ ಎಂದರ್ಥ. ಆ ದೃಶ್ಯವನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ.

ಯಾಕೆ ಹೀಗಾಯಿತು? ಯಾರೋ ಒಂದು ಎಆರ್‌ಪಿ ಕೂಗು ಹಾಕಿದರು. ಸ್ವಿಚ್ ಅದನ್ನು ಎಲ್ಲ ಪೋರ್ಟ್‌ಗಳಿಗೂ ಹಂಚಿತು. ಕೇಬಲ್ಲಿನ ಒಂದು ತುದಿಯಿಂದ ಹೊರಟ ಅದರ ಪ್ರತಿಯು ಇನ್ನೊಂದು ತುದಿಯಿಂದ ಅದೇ ಸ್ವಿಚ್‌ಗೆ ವಾಪಸು ಬಂತು. ಸ್ವಿಚ್‌ಗೆ ತಾನು ಕಳುಹಿಸಿದ್ದೇ ಇದು ಎಂದು ಗುರುತಿಲ್ಲ. ಹೊಸ ಕೂಗು ಎಂದು ಮತ್ತೆ ಎಲ್ಲರಿಗೂ ಹಂಚಿತು. ಅದು ಮತ್ತೆ ಬಂತು. ಐಪಿ ಪ್ಯಾಕೆಟ್ಟಿಗಾದರೆ ಟಿಟಿಎಲ್ ಎಂಬ ಎಂಟು ಬಿಟ್‌ಗಳ ಆಯುಷ್ಯವಿದೆ. ಪ್ರತಿ ರೂಟರ್ ಅದರಿಂದ ಒಂದನ್ನು ಕಳೆಯುತ್ತದೆ, ಸೊನ್ನೆಯಾದಾಗ ಪ್ಯಾಕೆಟ್ ಸಾಯುತ್ತದೆ. ದಾರಿ ತಪ್ಪಿ ಸುತ್ತಿದರೂ ಅದಕ್ಕೆ ಒಂದು ಕೊನೆಯಿದೆ. ಈಥರ್ನೆಟ್ ಫ್ರೇಮಿಗೆ ಅಂಥ ಆಯುಷ್ಯದ ಲೆಕ್ಕವಿಲ್ಲ. ಒಮ್ಮೆ ಸುತ್ತತೊಡಗಿದರೆ ಯಾರಾದರೂ ಕೇಬಲ್ ಕೀಳುವವರೆಗೂ ಸುತ್ತುತ್ತದೆ.

ಹಾಗೆಂದು ಎರಡು ಸ್ವಿಚ್‌ಗಳ ನಡುವೆ ಒಂದೇ ಕೇಬಲ್ ಇಡೋಣವೇ? ಅದು ಇಲಿ ಕಡಿದರೆ ಎಲ್ಲವೂ ನಿಲ್ಲುತ್ತದೆ. ಹೆಚ್ಚುವರಿ ದಾರಿ ಬೇಕು, ಸುತ್ತು ಬೇಡ. ಇದನ್ನು ಬಿಡಿಸಿದವರು ರೇಡಿಯಾ ಪರ್ಲ್‌ಮನ್, ಅಮೆರಿಕದ ಡಿಇಸಿ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದಾಗ. 1985ರಲ್ಲಿ ಪ್ರಕಟವಾದ ಅವರ ಪ್ರಬಂಧದಲ್ಲಿ ಆ ವಿಧಾನದ ಸಾರವನ್ನು ಒಂದು ಪುಟ್ಟ ಪದ್ಯವಾಗಿಯೂ ಬರೆದಿದ್ದಾರೆ. ಸ್ಪ್ಯಾನಿಂಗ್ ಟ್ರೀ ಎಂದು ಅದರ ಹೆಸರು. ಸ್ವಿಚ್‌ಗಳು ತಮ್ಮಲ್ಲೇ ಒಬ್ಬರನ್ನು ಬೇರು ಎಂದು ಆರಿಸುತ್ತವೆ. ಪ್ರತಿಯೊಂದೂ ಬೇರಿಗೆ ಹತ್ತಿರದ ದಾರಿಯನ್ನು ಇಟ್ಟುಕೊಂಡು, ಸುತ್ತು ಮಾಡುವ ಹೆಚ್ಚುವರಿ ಪೋರ್ಟ್‌ಗಳನ್ನು ಮುಚ್ಚುತ್ತದೆ. ಮುಚ್ಚಿದ ಪೋರ್ಟ್ ಸತ್ತಿಲ್ಲ, ಕಿವಿಗೊಟ್ಟು ಕಾಯುತ್ತಿರುತ್ತದೆ. ಬಳಕೆಯಲ್ಲಿದ್ದ ದಾರಿ ಕಡಿದರೆ ಅದು ತೆರೆದುಕೊಳ್ಳುತ್ತದೆ.

ಬೇರನ್ನು ಆರಿಸುವ ಬಗೆಯನ್ನು ಮಾತ್ರ ನೀವು ಗಮನವಿಟ್ಟು ಓದಬೇಕು. ಆದ್ಯತೆಯ ಸಂಖ್ಯೆ ಕಡಿಮೆ ಇರುವ ಸ್ವಿಚ್ ಗೆಲ್ಲುತ್ತದೆ. ಯಾರೂ ಅದನ್ನು ಮುಟ್ಟದಿದ್ದರೆ ಎಲ್ಲದರಲ್ಲೂ 32768 ಇರುತ್ತದೆ, ಆಗ ಮ್ಯಾಕ್ ವಿಳಾಸ ಚಿಕ್ಕದಿರುವುದು ಗೆಲ್ಲುತ್ತದೆ. ಎಷ್ಟೋ ವೇಳೆ ಅದು ಮೂಲೆಯಲ್ಲಿ ಧೂಳು ತಿನ್ನುತ್ತಿರುವ ಹಳೆಯ ಸ್ವಿಚ್ಚೇ ಆಗಿರುತ್ತದೆ. ಇಡೀ ಕಟ್ಟಡದ ದಾರಿಗಳು ಆ ಹಳೆಯ ಪೆಟ್ಟಿಗೆಯನ್ನು ಬೇರಾಗಿ ಇಟ್ಟುಕೊಂಡು ಬೆಳೆದಿರುತ್ತವೆ. ನೀವು ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ನಿಮ್ಮ ನೆಟ್‌ವರ್ಕ್‌ನ ಬೇರು ಯಾವುದು ಎಂದು ನೋಡಿ. ಪ್ರಯೋಗಾಲಯದ ಆ ಸ್ವಿಚ್‌ನಲ್ಲಿ ಸ್ಪ್ಯಾನಿಂಗ್ ಟ್ರೀ ಇರಲೇ ಇಲ್ಲ, ಅಗ್ಗದ ಸ್ವಿಚ್‌ಗಳಲ್ಲಿ ಇರುವುದಿಲ್ಲ.

ಹೇಗೆ ಓದಬೇಕು ಎಂದು ಬಂದಾಗಿನಿಂದ ಕೇಳುತ್ತಿದ್ದೀರಿ. ನಮ್ಮ ದೇಶದಲ್ಲಿ ಇದನ್ನು ಮೊದಲು ಕಲಿತವರಿಗೆ ಪ್ರಯೋಗ ಮಾಡಲು ಯಂತ್ರ ಸಿಗುವುದೇ ಕಷ್ಟವಾಗಿತ್ತು. ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳನ್ನು ನೆಟ್‌ವರ್ಕ್‌ನಲ್ಲಿ ಜೋಡಿಸಲು 1986ರಲ್ಲಿ ಶುರುವಾದ ಅರ್ನೆಟ್ ಯೋಜನೆಯಲ್ಲಿ ಐದು ಐಐಟಿಗಳ ಜೊತೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಇತ್ತು. ಸಾರ್ವಜನಿಕರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ಇಂದು ನಿಮ್ಮ ಕೈಯಲ್ಲಿರುವ ಸಾಧಾರಣ ಲ್ಯಾಪ್‌ಟಾಪ್‌ನಲ್ಲೇ ನೆಟ್‌ವರ್ಕನ್ನು ಅನುಕರಿಸುವ ಪ್ಯಾಕೆಟ್ ಟ್ರೇಸರ್ ಅಥವಾ ಜಿಎನ್‌ಎಸ್3 ಎಂಬ ತಂತ್ರಾಂಶ ಹಾಕಿ ಹತ್ತು ರೂಟರ್‌ಗಳ ನೆಟ್‌ವರ್ಕ್ ಕಟ್ಟಬಹುದು, ಎರಡೂ ಉಚಿತ. ಆದರೆ ಕಟ್ಟುವುದಕ್ಕಿಂತ ಮುಖ್ಯವಾದ ಅಭ್ಯಾಸ ಬೇರೆ ಇದೆ. ಒಂದು ನೋಟ್‌ಬುಕ್ ಇಡಿ. ಪಿಂಗ್ ಒತ್ತುವ ಮುನ್ನ ಬರೆಯಿರಿ: ಈ ಪಿಂಗ್ ಆದ ಮೇಲೆ ಮೊದಲ ಸ್ವಿಚ್‌ನ ಪಟ್ಟಿಯಲ್ಲಿ ಯಾವ ಸಾಲುಗಳಿರುತ್ತವೆ? ಎರಡನೆಯದರಲ್ಲಿ? ಕಂಪ್ಯೂಟರ್‌ನ ಎಆರ್‌ಪಿ ಪಟ್ಟಿಯಲ್ಲಿ? ಆಮೇಲೆ ಒತ್ತಿ, ತೆರೆದು ನೋಡಿ, ಹೋಲಿಸಿ. ತಪ್ಪಾದ ಸಾಲಿನ ಸುತ್ತ ಕೆಂಪು ಗೆರೆ ಹಾಕಿ, ಯಾಕೆ ತಪ್ಪಾಯಿತು ಎಂದು ಕಂಡುಕೊಳ್ಳುವವರೆಗೂ ಮುಂದಕ್ಕೆ ಹೋಗಬೇಡಿ. ಒಂದು ಕೆಂಪು ಗೆರೆ ಕಲಿಸುವಷ್ಟನ್ನು ಹತ್ತು ವಿಡಿಯೊಗಳು ಕಲಿಸುವುದಿಲ್ಲ. ಏಳು ಪದರಗಳನ್ನು ಆಮೇಲೆ ಓದಿ, ಆಗ ಅದು ನೀವು ಕಂಡದ್ದಕ್ಕೆ ಕೊಟ್ಟ ಹೆಸರುಗಳಾಗಿ ತಾನಾಗಿಯೇ ನೆನಪಿನಲ್ಲಿ ಕೂರುತ್ತದೆ.

ಉಪನ್ಯಾಸದ ನಂತರದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ದಾಖಲಿಸುತ್ತೇನೆ.

"ಸರ್, ಸ್ವಿಚ್‌ನ ಪಟ್ಟಿ ತುಂಬಿಹೋದರೆ?" ಎಂದು ಒಬ್ಬ ವಿದ್ಯಾರ್ಥಿ ಕೇಳಿದ. ಬಹಳ ಒಳ್ಳೆಯ ಪ್ರಶ್ನೆ. ಹೊಸಬರನ್ನು ಬರೆದುಕೊಳ್ಳಲು ಜಾಗವಿಲ್ಲದೆ, ಅವರಿಗೆ ಬಂದದ್ದನ್ನೆಲ್ಲ ಸ್ವಿಚ್ ಎಲ್ಲ ಪೋರ್ಟ್‌ಗಳಿಗೂ ಹಂಚತೊಡಗುತ್ತದೆ, ಅಂದರೆ ಮತ್ತೆ ಹಬ್ ಆಗುತ್ತದೆ. ಸುಳ್ಳು ಮ್ಯಾಕ್ ವಿಳಾಸಗಳನ್ನು ಸಾವಿರಗಟ್ಟಲೆ ಸುರಿದು, ಬೇಕೆಂದೇ ಹೀಗೆ ಮಾಡಿ, ಬೇರೆಯವರ ಮಾತು ಕದ್ದು ಕೇಳುವ ದಾಳಿಯೂ ಇದೆ. ಅದಕ್ಕೇ ಒಂದು ಪೋರ್ಟ್‌ಗೆ ಇಷ್ಟೇ ವಿಳಾಸ ಎಂದು ಮಿತಿ ಹಾಕುತ್ತಾರೆ. ರೂಟರ್‌ಗೂ ಈ ಕಷ್ಟ ಬಂದದ್ದುಂಟು. 2014ರ ಆಗಸ್ಟ್ 12ರಂದು ಇಂಟರ್‌ನೆಟ್‌ನ ದಾರಿಗಳ ಸಂಖ್ಯೆ 512 ಸಾವಿರದ ಗಡಿ ದಾಟಿತು. ಅಷ್ಟೇ ಜಾಗ ಮೀಸಲಿಟ್ಟಿದ್ದ ಹಳೆಯ ರೂಟರ್‌ಗಳು ಅಂದು ಹಲವೆಡೆ ತಡವರಿಸಿದವು.

ಎಲ್ಲರೂ ಎದ್ದ ಮೇಲೆ ಒಬ್ಬ ವಿದ್ಯಾರ್ಥಿನಿ ತನ್ನ ಲ್ಯಾಪ್‌ಟಾಪ್ ಹಿಡಿದು ಬಂದಳು. ಉಪನ್ಯಾಸ ನಡೆಯುತ್ತಿದ್ದಾಗಲೇ ಟ್ರೇಸ್‌ರೂಟ್ ಓಡಿಸಿದ್ದಳು. 1987ರಲ್ಲಿ ವ್ಯಾನ್ ಜೇಕಬ್‌ಸನ್ ಬರೆದ ಆ ಪುಟ್ಟ ಪ್ರೋಗ್ರಾಂ ಟಿಟಿಎಲ್‌ನ ಸಾವನ್ನೇ ಉಪಯೋಗಕ್ಕೆ ತಂದುಕೊಳ್ಳುತ್ತದೆ: ಆಯುಷ್ಯ ಒಂದು ಎಂದು ಕಳುಹಿಸಿದರೆ ಮೊದಲ ರೂಟರ್‌ನಲ್ಲಿ ಸತ್ತು ಅಲ್ಲಿಂದ ಸುದ್ದಿ ಬರುತ್ತದೆ, ಎರಡು ಎಂದರೆ ಎರಡನೆಯದರಿಂದ, ಹೀಗೆ ದಾರಿ ಒಂದೊಂದೇ ಹೆಜ್ಜೆಯಾಗಿ ಕಾಣುತ್ತದೆ. ಅವಳ ಪರದೆಯಲ್ಲಿ ಮೊದಲ ಎರಡು ಸಾಲು ಸರಿಯಾಗಿದ್ದವು. ಮೂರನೆಯದರಲ್ಲಿ ಮೂರು ನಕ್ಷತ್ರ ಚಿಹ್ನೆಗಳು, ಅಂದರೆ ಉತ್ತರ ಬಂದಿಲ್ಲ.

"ಇಲ್ಲಿ ದಾರಿ ಕಡಿದಿದೆಯಾ ಸರ್?"

"ಕೆಳಗಿನ ಸಾಲು ನೋಡಮ್ಮಾ" ಎಂದೆ.

ನಾಲ್ಕನೆಯ ಸಾಲಿನಲ್ಲಿ ಒಂದು ವಿಳಾಸವಿತ್ತು, ಎದುರಿಗೆ ಮಿಲಿಸೆಕೆಂಡುಗಳೂ ಇದ್ದವು. ಅವಳು ಸ್ವಲ್ಪ ಹೊತ್ತು ಅದನ್ನೇ ನೋಡಿದಳು.

"ಮೂರನೆಯದನ್ನು ದಾಟದೆ ನಾಲ್ಕನೆಯದರಿಂದ ಉತ್ತರ ಬರುವ ಹಾಗಿಲ್ಲ" ಎಂದಳು. "ಅಂದರೆ ಮೂರನೆಯದು ಪ್ಯಾಕೆಟ್ ಸಾಗಿಸುತ್ತಿದೆ, ನಮಗೆ ಉತ್ತರ ಮಾತ್ರ ಕೊಡುತ್ತಿಲ್ಲ."

ಹೌದು ಎಂದೆ. ಅವಳು ಅಲ್ಲೇ ಮೇಜಿನ ಅಂಚಿನಲ್ಲಿ ನೋಟ್‌ಬುಕ್ ಇಟ್ಟುಕೊಂಡು ಮೊದಲ ಪುಟದಲ್ಲಿ ಮೂರು ನಕ್ಷತ್ರ ಬರೆದು, ಅದರ ಸುತ್ತ ಕೆಂಪು ಗೆರೆ ಹಾಕಿದಳು.